ಆರು ಕಾಲೇಜಿನ ಲೀಗಿಗೆ ಮೈಸೂರುಪಾಕು

ವಾಲಿಬಾಲಿನ ಬಗ್ಗೆ ಬರೆಯುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಬಂದಿಲ್ಲ ಎಂಬುದೇ ಉತ್ತರ. ನಾನು ನೈರೋಬಿಗೆ ಬಂದ ಹೊಸದರಲ್ಲಿ ಚಿದಾನಂದ ಮೇಷ್ಟ್ರು ನನ್ನನ್ನು ಅಂಕಣಕ್ಕಿಳಿಸಿ ಒಂದು ಸರ್ವಿಸ್ ಹೊಡೆ ಎಂದರು. ಚೆಂಡು ನೆಟ್ಟಿನ ಕಡೆ ಹೋಗುವ ಬದಲು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಹಾರಿ ಕಾಲೇಜಿನ ಟ್ರಸ್ಟಿಯೊಬ್ಬರ ಕಾರಿನ ಮೇಲೆ ಬಿತ್ತು. ಮೇಷ್ಟ್ರು ಬಯ್ಯಲಿಲ್ಲ. ಕಾರನ್ನೂ ನನ್ನನ್ನೂ ಒಮ್ಮೆ ನೋಡಿ, "ಈರಣ್ಣ, ನಿನ್ನ ಅಕ್ಷರ ಹೇಗಿದೆ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಅಂದಿನಿಂದ ನಾನು ಸ್ಕೋರರ್. ಅಂಕಣದ ಪಕ್ಕದ ಮೇಜಿನ ಮುಂದೆ ಕೂತು, ಬೇರೆಯವರು ಬೆವರು ಸುರಿಸಿ ಗಳಿಸಿದ ಅಂಕಗಳನ್ನು ನೆರಳಿನಲ್ಲಿ ಬರೆದಿಡುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ.

ಹೊಟ್ಟೆಪಾಡಿನ ಕೆಲಸವೂ ಅದಕ್ಕಿಂತ ದೊಡ್ಡದೇನಲ್ಲ. ಗುಜರಾತಿ ಮಾಲೀಕರ ಔಷಧಿ ಕಾರ್ಖಾನೆಯಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿಗಳ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ತಿರುಗಿಸಿ ನೋಡುತ್ತಿದ್ದೆ. ತಿಪಟೂರಿನಲ್ಲಿ ಅಮ್ಮ ಇದನ್ನು 'ಫಾರಿನ್ನಲ್ಲಿ ಕ್ವಾಲಿಟಿ ಆಫೀಸರ್' ಎಂದು ಹೇಳಿಕೊಂಡು ಬರುತ್ತಿದ್ದಳು. ನನಗೆ ಹೆಣ್ಣು ಹುಡುಕುವ ಕೆಲಸ ಇನ್ನೂ ಬಾಕಿ ಇದ್ದುದರಿಂದ ನಾನು ತಿದ್ದಲು ಹೋಗಲಿಲ್ಲ. ಆ ಆಫೀಸರ್ ವಾಸವಿದ್ದದ್ದು ಕಿಲೆಲೆಶ್ವಾದಲ್ಲಿ ಮೇಷ್ಟ್ರ ಮನೆಯ ಹಿತ್ತಲಲ್ಲಿ, ಹಿಂದಿನ ಕಾಲದಲ್ಲಿ ಮನೆಗೆಲಸದವರಿಗೆಂದು ಕಟ್ಟಿದ್ದ ಒಂಟಿ ಕೋಣೆಯಲ್ಲಿ. ಮಲಗಿದರೆ ಕಾಲು ಬಾಗಿಲಿಗೆ ತಾಗುತ್ತಿತ್ತು. ಊಟ ಮಾತ್ರ ಮೇಷ್ಟ್ರ ಮನೆಯಲ್ಲೇ. ಅವರ ಹೆಂಡತಿ ವಿಜಿಯಕ್ಕ ಬಡಿಸಿದ ಸಾರಿಗೆ ನನ್ನ ಕೃತಜ್ಞತೆಯೇ ಆ ಸ್ಕೋರು ಹಾಳೆಗಳು ಎಂದರೂ ತಪ್ಪಿಲ್ಲ.

ಚಿದಾನಂದ ಮೇಷ್ಟ್ರು ಮೈಸೂರಿನವರು. ಎರಡು ವರ್ಷದ ಕರಾರಿಗೆ ಬಂದವರು ಹದಿನೇಳು ವರ್ಷ ಕಳೆದರೂ ಹೋಗಿರಲಿಲ್ಲ. ಪಾರ್ಕ್‌ಲ್ಯಾಂಡ್ಸಿನಲ್ಲಿ ದೇವಸ್ಥಾನದ ಹಿಂದಿನ ಓಣಿಯ ಮೋತಿಚಂದ್ ಕಾಮರ್ಸ್ ಕಾಲೇಜಿನಲ್ಲಿ ಬೆಳಿಗ್ಗೆ ಅಕೌಂಟೆನ್ಸಿ ಪಾಠ, ಸಂಜೆ ಹುಡುಗಿಯರಿಗೆ ವಾಲಿಬಾಲ್. ಎತ್ತರದ ಆಳಲ್ಲ, ತಾವು ತಯಾರು ಮಾಡಿದ ಆಟಗಾರ್ತಿಯರ ಜೊತೆ ಮಾತಾಡುವಾಗ ಮಾಳಿಗೆಯಲ್ಲಿ ನಿಂತವರನ್ನು ಕರೆಯುವ ಹಾಗೆ ಕತ್ತೆತ್ತುತ್ತಿದ್ದರು. ಕೊರಳಿನ ಸೀಟಿಯನ್ನು ತರಕಾರಿ ಅಂಗಡಿಗೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ.

ಅವರು ಕಟ್ಟಿದ್ದು ಸಣ್ಣ ಕಾಲೇಜುಗಳ ಒಂದು ಲೀಗ್. ಆರು ಕಾಲೇಜು: ನಮ್ಮದು, ಥಿಕಾ ರಸ್ತೆ ಕಡೆಯ ಒಂದು ನರ್ಸಿಂಗ್ ಶಾಲೆ, ಕಾರ್ಖಾನೆಗಳ ನಡುವಿನ ಒಂದು ಪಾಲಿಟೆಕ್ನಿಕ್, ಜೊತೆಗೆ ಒಂದು ಬೈಬಲ್ ಕಾಲೇಜು, ಒಂದು ಶಿಕ್ಷಕರ ತರಬೇತಿ ಕಾಲೇಜು, ಇನ್ನೊಂದು ಅಕೌಂಟ್ಸ್ ಕಲಿಸುವ ಸಂಸ್ಥೆ. ದೊಡ್ಡ ಯೂನಿವರ್ಸಿಟಿಗಳ ಲೀಗಿನಲ್ಲಿ ಇವರನ್ನು ಕೇಳುವವರಿರಲಿಲ್ಲ. ಹಾಗಾಗಿ ಮೇಷ್ಟ್ರು ಈ ಆರನ್ನು ಕೂಡಿಸಿ ಜನವರಿಯಿಂದ ನವೆಂಬರಿನವರೆಗೆ ಶನಿವಾರಗಳನ್ನು ಹಂಚಿದ್ದರು.

ಆ ಲೀಗಿಗೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಪಂದ್ಯ ಮುಗಿದ ಮೇಲೆ ಕರೆದ ಕಾಲೇಜಿನಲ್ಲೇ ಊಟ; ಎರಡೂ ತಂಡದವರು ಸಾಲಾಗಿ ನೆಲದ ಮೇಲೆ ಕೂರಬೇಕು; ಗೆದ್ದ ತಂಡದ ಕೋಚ್ ಸೌಟು ಹಿಡಿದು ಮೊದಲು ಸೋತವರಿಗೆ ಬಡಿಸಬೇಕು. ಅದು ಶುರುವಾದದ್ದು ಮೊದಲ ವರ್ಷ ಪಾಲಿಟೆಕ್ನಿಕ್ ಹುಡುಗಿಯರು ಸೋತು, ಸಿಟ್ಟಿಗೆ ಊಟ ಬೇಡವೆಂದು ಮಟಾಟು ಹತ್ತಿ ಕೂತಾಗ. ಮೇಷ್ಟ್ರು ಅನ್ನದ ಪಾತ್ರೆ ಎತ್ತಿಕೊಂಡು ಆ ವ್ಯಾನಿನೊಳಗೇ ಹತ್ತಿ ಬಡಿಸಿದ್ದರಂತೆ. ಕಂಡಕ್ಟರನೂ ತಟ್ಟೆ ಒಡ್ಡಿದನಂತೆ. ಆಮೇಲೆ ಅದೇ ನಿಯಮವಾಯಿತು. ಪಾಲಿಟೆಕ್ನಿಕ್ಕಿನ ಕೋಚ್ ಆಲ್ಫ್ರೆಡ್, ಆರಡಿ ಮೀರಿದ ಮೆಕ್ಯಾನಿಕ್ ಮೇಷ್ಟ್ರು, ಗೆದ್ದ ದಿನ ಬಗ್ಗಿ ಬಗ್ಗಿ ಬಡಿಸಿ ಸೊಂಟ ಹಿಡಿದುಕೊಂಡು, "ಮ್ವಾಲಿಮು, ಸೋಲುವುದೇ ಸುಖ," ಎಂದು ಗೊಣಗುತ್ತಿದ್ದ. ಮ್ವಾಲಿಮು ಎಂದರೆ ಮೇಷ್ಟ್ರು. ಚಿದಾನಂದರಿಗೆ ಆ ಊರಿನಲ್ಲಿ ಬೇರೆ ಹೆಸರಿರಲಿಲ್ಲ.

ನಾನು ಗೆದ್ದವನೂ ಅಲ್ಲ, ಸೋತವನೂ ಅಲ್ಲ. ಸಾಲಿನ ಕೊನೆಯಲ್ಲಿ ಕೂತು ಯಾರು ಗೆದ್ದರೂ ಅವರ ಕೈಯಿಂದ ಬಡಿಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಆರನೆಯ ಇಸವಿಯ ಅಕ್ಟೋಬರಿನ ಒಂದು ಶನಿವಾರ ನೆಟ್ಟು ಸುತ್ತಿ ಹೆಗಲಿಗೆ ಹಾಕಿಕೊಂಡು ಮೇಷ್ಟ್ರ ಹಿಂದೆ ನಡೆಯುತ್ತಿದ್ದಾಗ ಪ್ರಿನ್ಸಿಪಾಲ್ ಚಕ್ರಪಾಣಿಯವರು ಕಿಟಕಿಯಿಂದ ಕರೆದರು. ಅವರೂ ಮೈಸೂರಿನ ಕಡೆಯವರೇ. ನನಗೆ ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ನೆಟ್ಟು ಹೊತ್ತವನನ್ನು ನೆಟ್ಟಿನ ಗೂಟವೆಂದೇ ಭಾವಿಸಿದ್ದಿರಬೇಕು.

"ಚಿದಾನಂದ ಅವರೇ, ದೊಡ್ಡ ಲೀಗಿನವರು ಜಾಗ ಹೆಚ್ಚಿಸ್ತಿದ್ದಾರೆ. ಪೂರ್ವ, ಪಶ್ಚಿಮ ಅಂತ ಎರಡು ಭಾಗ ಮಾಡಿ ಯೂನಿವರ್ಸಿಟಿ ಅಲ್ಲದವರನ್ನೂ ಸೇರಿಸ್ಕೋತಾರಂತೆ. ನೈರೋಬಿಯಿಂದ ಕೆಲವು ಕಾಲೇಜು. ನಮ್ಮನ್ನ ಕೇಳಿದಾರೆ."

"ನಮಗೊಂದು ಲೀಗ್ ಇದೆಯಲ್ಲ ಸರ್."

"ಇದೆ. ಬೈಬಲ್ ಕಾಲೇಜನ್ನ ಸೋಲಿಸಿದ್ವಿ ಅಂತ ಬ್ರೋಷರಲ್ಲಿ ಹಾಕಿದ್ರೆ ಯಾವ ಅಪ್ಪ ಮಗಳನ್ನ ಇಲ್ಲಿಗೆ ಸೇರಿಸ್ತಾನೆ ಹೇಳಿ?"

"ಅವರು ಚೆನ್ನಾಗೇ ಆಡ್ತಾರೆ ಸರ್. ಹೋದ ಸಲ ನಾವೇ ಸೋತ್ವಿ."

"ಅದಂತೂ ಹಾಕಕ್ಕೇ ಆಗಲ್ಲ," ಎಂದರು ಚಕ್ರಪಾಣಿ.

ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. "ನಾವು ಬಿಟ್ರೆ ಐದೇ ಉಳಿಯುತ್ತೆ. ಆರಕ್ಕಿಂತ ಕಡಿಮೆ ಇದ್ರೆ ಅದನ್ನ ಲೀಗ್ ಅಂತ ಯಾರೂ ಒಪ್ಪಲ್ಲ, ರೆಫ್ರಿ ಸಿಗಲ್ಲ, ಗ್ರೌಂಡ್ ಸಿಗಲ್ಲ. ಆ ಹುಡುಗೀರೆಲ್ಲ ಎಲ್ಲಿ ಆಡ್ತಾರೆ? ಅಲ್ದೆ ನಮ್ಮ ಮಕ್ಕಳಲ್ಲಿ ಅರ್ಧ ಜನ ಬೆಳಿಗ್ಗೆ ಅಂಗಡೀಲಿ ಕೆಲಸ ಮಾಡಿ ಬರೋರು. ನಕುರು ಆಚೆ, ಕಿಸುಮು ತನಕ ಮ್ಯಾಚಿಗೆ ಹೋಗೋದು ಅಂದ್ರೆ..."

ಚಕ್ರಪಾಣಿ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. "ಒಂದು ಕೆಲಸ ಮಾಡೋಣ. ಸೀಸನ್ನಿನ ಕೊನೇ ಮ್ಯಾಚಿನ ದಿನ ಉಳಿದ ಐದೂ ಕಾಲೇಜಿನವರು, ಮುಂದಿನ ವರ್ಷನೂ ನಾವಿದೀವಿ ಅನ್ನಲಿ. ಹಾಗಂದ್ರೆ ನಾನೂ ಈ ಲೀಗಲ್ಲೇ ಇರ್ತೀನಿ. ಒಬ್ಬರು ಕೈಬಿಟ್ರೂ ನನ್ನನ್ನ ಹಿಡ್ಕೋಬೇಡಿ."

ಮನೆಗೆ ಹೋಗುವ ಮಟಾಟುವಿನಲ್ಲಿ ಸಂಗೀತ ಎದೆಗೆ ಗುದ್ದುತ್ತಿತ್ತು, ಮೇಷ್ಟ್ರು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನೋಡುತ್ತಿದ್ದರು. ಮನೆಗೆ ಬಂದು ಫೋನ್ ಹತ್ತಿರ ಕೂತಾಗ ವಿಜಿಯಕ್ಕ ಅಡುಗೆಮನೆಯಿಂದ ಹೊರಬಂದರು.

"ಫೋನಲ್ಲಿ ಕರೀತೀರಾ? ನಮ್ಮ ಕಡೆಯೋರು ಯಾರಾದ್ರೂ ಫೋನಲ್ಲಿ ಕರೆದ್ರೆ ನೀವು ಹೋಗ್ತೀರಾ? ಹೋದ ಸಲ ಆ ಗೃಹಪ್ರವೇಶಕ್ಕೆ ಫೋನಲ್ಲಿ ಕರೆದ್ರು ಅಂತ ಮೂತಿ ಊದಿಸ್ಕೊಂಡು ಕೂತಿದ್ರಿ."

"ಇದು ಗೃಹಪ್ರವೇಶ ಅಲ್ವಲ್ಲೇ."

"ಅದಕ್ಕಿಂತ ಹೆಚ್ಚು. ಮನೆ ಬಾಗಿಲಿಗೆ ಹೋಗಿ, ಸಿಹಿ ಕೊಟ್ಟು, ಬರಲೇಬೇಕು ಅಂತ ಕರೀರಿ. ಆಮೇಲೆ ಯಾರು ತಪ್ಪಿಸ್ಕೋತಾರೆ ನೋಡ್ತೀನಿ. ಒಬ್ಬರೇ ಹೋಗ್ಬೇಡಿ, ಕರೆಯಕ್ಕೆ ಒಬ್ಬರೇ ಹೋಗಬಾರದು. ಈರಣ್ಣನ್ನ ಕರ್ಕೊಂಡು ಹೋಗಿ."

ಎಷ್ಟು ಸರಿಯಾಗಿ ಕಂಡಿತೆಂದರೆ ನಾವಿಬ್ಬರೂ ಒಮ್ಮೆಲೇ ತಲೆಯಾಡಿಸಿದೆವು. ವಿಜಿಯಕ್ಕ ಒಂದು ಭಾನುವಾರ ಪೂರ್ತಿ ಒಲೆ ಮುಂದೆ ನಿಂತು ಮೈಸೂರುಪಾಕು ಮಾಡಿ, ಮಿಠಾಯಿ ಅಂಗಡಿಯಿಂದ ತಂದ ಬಂಗಾರದ ಅಂಚಿನ ಡಬ್ಬಿಗಳಲ್ಲಿ ತುಂಬಿದರು. ಮೇಷ್ಟ್ರು ಸೂಟು ಹಾಕಿ ಟೈ ಕಟ್ಟಿದರು. ಸೀಟಿಯನ್ನು ತೆಗೆದಿಟ್ಟರು, ಅದಿಲ್ಲದೆ ಅವರ ಕೊರಳು ಯಾರದೋ ಕೊರಳಂತೆ ಕಂಡಿತು. ನಾನೂ ಒಂದು ಟೈ ಕಟ್ಟಿಕೊಂಡೆ. ನನ್ನ ಹತ್ತಿರ ಇದ್ದದ್ದು ಒಂದೇ, ಕಂಪನಿಯವರು ಕೆಮ್ಮಿನ ಸಿರಪ್ಪಿನ ಪ್ರಚಾರಕ್ಕೆ ಹಂಚಿದ್ದು.

ಅವರ ಮಗಳು ಸಾನ್ವಿ, ನೈರೋಬಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಸ್ಕೂಲಿಗೆ ಹೊರಟವಳು ನಮ್ಮನ್ನೂ ಡಬ್ಬಿಗಳನ್ನೂ ನೋಡಿ ನಿಂತಳು.

"ಅಪ್ಪಾ, ಆರ್ ವೀ ಮೂವಿಂಗ್?"

"ಇಲ್ಲ ಪುಟ್ಟಿ, ಕರೆಯಕ್ಕೆ ಹೋಗ್ತಿದೀವಿ."

"ದೆನ್ ವೈ ದ ಟೈ?" ಎಂದಳು. ನಾವೆಲ್ಲ ನಕ್ಕೆವು. ವಿಜಿಯಕ್ಕನಂತೂ ಬಾಗಿಲ ತನಕ ನಗುತ್ತಲೇ ಬಂದರು.

ಮೊದಲು ಆಲ್ಫ್ರೆಡ್‌ನ ಪಾಲಿಟೆಕ್ನಿಕ್ಕಿಗೆ ಹೋದೆವು. ಅವನು ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಹುಡುಗರಿಗೆ ಪಾಠ ಮಾಡುತ್ತಿದ್ದ. ಯಾವಾಗ ಕಂಡರೂ ದೂರದಿಂದಲೇ ಕೂಗಿ ಏನಾದರೂ ಕೆಣಕುವವನು ಅಂದು ಕೂಗಲಿಲ್ಲ. ಕೈ ಒರೆಸಿಕೊಂಡು ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೇಷ್ಟ್ರು ಇಂಗ್ಲಿಷಿನಲ್ಲಿ, ಮಧ್ಯೆ ಸ್ವಾಹಿಲಿ ಸೇರಿಸಿ, ತಯಾರಿ ಮಾಡಿಕೊಂಡು ಬಂದಿದ್ದನ್ನೆಲ್ಲ ಹೇಳಿದರು: ಇಷ್ಟು ವರ್ಷ ಜೊತೆಗಿದ್ದೀರಿ, ಮುಂದಿನ ವರ್ಷವೂ ಈ ಲೀಗನ್ನು ಬಿಡಬೇಡಿ, ಆರೂ ಜನ ಒಟ್ಟಿಗಿರಬೇಕು, ಇದು ನನ್ನ ಕೋರಿಕೆ.

"ಆಗಲಿ ಮ್ವಾಲಿಮು," ಎಂದ ಆಲ್ಫ್ರೆಡ್. ದನಿ ತಗ್ಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಬೂಟಿನಿಂದ ಟೈವರೆಗೆ ನಿಧಾನವಾಗಿ ನೋಡಿದ. ಟೈ ಮೇಲಿನ ಸಿರಪ್ಪಿನ ಬಾಟಲಿಯ ಚಿತ್ರದ ಹತ್ತಿರ ಅವನ ಕಣ್ಣು ನಿಂತಿತು.

"ನೀನು ಯಾವತ್ತಾದರೂ ಆಡಿದ್ದೀಯಾ?"

"ಇಲ್ಲ. ಬರೆಯುತ್ತೇನೆ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಮೇಷ್ಟ್ರು ನನ್ನ ಬೆನ್ನು ತಟ್ಟಿದರು. "ಲೀಗಿನ ವಿಷಯ ಎಲ್ಲಾ ಇವನಿಗೆ ಗೊತ್ತು."

ಆಲ್ಫ್ರೆಡ್ ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದ.

ನರ್ಸಿಂಗ್ ಶಾಲೆಯಲ್ಲಿ ಹೆಲನ್ ಇದ್ದರು. ಅಲ್ಲಿ ಪಾಠ ಹೇಳುವವರೂ ಅವರೇ, ಕೋಚೂ ಅವರೇ. ಗಟ್ಟಿ ಮಾತಿನ ಹೆಂಗಸು, ರೆಫ್ರಿಗಳು ಹೆದರುತ್ತಿದ್ದದ್ದು ಅವರೊಬ್ಬರಿಗೇ. ಅವರು ಡಬ್ಬಿ ನೋಡಿದವರೇ ಕನ್ನಡಕ ತೆಗೆದು ಒರೆಸಿದರು. ವಿಜಿಯಕ್ಕ ಹೆಂಗಸರಿಗೆಂದು ಬೇರೆಯಾಗಿ ಕಟ್ಟಿಕೊಟ್ಟಿದ್ದ ತೆಂಗಿನಕಾಯಿಯನ್ನು ಮೇಷ್ಟ್ರು ಕೊಟ್ಟಾಗ ಅದನ್ನು ಎದೆಗೆ ಒತ್ತಿಕೊಂಡು ನಿಂತರು. ಆಮೇಲೆ ಹುಡುಗಿಯರನ್ನೆಲ್ಲ ಹೊರಗೆ ಕರೆದು ಸಾಲಾಗಿ ನಿಲ್ಲಿಸಿದರು. ಹುಡುಗಿಯರು ಒಂದು ಹಾಡು ಹೇಳಿದರು, ನಿಧಾನದ ಹಾಡು, ಎರಡು ದನಿಯಲ್ಲಿ.

"ನಿಮ್ಮ ಮಾತು ನಡೆಸುತ್ತೇವೆ ಮ್ವಾಲಿಮು," ಎಂದರು ಹೆಲನ್. "ಆ ಬಗ್ಗೆ ನೀವು ಚಿಂತೆ ಮಾಡಬೇಡಿ."

ಐದು ಕಡೆಯೂ ಹೀಗೆಯೇ ಆಯಿತು. ಬೈಬಲ್ ಕಾಲೇಜಿನವರು ನಮ್ಮಿಬ್ಬರ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೇ ಮಾಡಿದರು. ಒಬ್ಬರೂ ಒಂದು ಷರತ್ತು ಹಾಕಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ. ವಾಪಸು ಬರುವಾಗ ಮೇಷ್ಟ್ರು ಟೈ ಸಡಿಲಿಸಿ, "ನೋಡಿದ್ಯಾ ಈರಣ್ಣ? ಖುದ್ದಾಗಿ ಹೋದ್ರೆ ಅದರ ತೂಕವೇ ಬೇರೆ," ಎಂದರು. ನಾನೂ ಹೌದೆಂದೆ. ದಿನಕ್ಕೆ ಸಾವಿರಾರು ಮುಚ್ಚಳ ತಿರುಗಿಸಿ ಯಾವುದು ಸಡಿಲ ಎಂದು ಹೇಳಬಲ್ಲವನು ನಾನು.

ನವೆಂಬರಿನಲ್ಲಿ ಸೀಸನ್ನಿನ ಕೊನೆಯ ಪಂದ್ಯ ನಮ್ಮ ಅಂಕಣದಲ್ಲೇ, ನರ್ಸಿಂಗ್ ಶಾಲೆಯ ವಿರುದ್ಧ. ಆಡದ ಕಾಲೇಜುಗಳ ಕೋಚುಗಳೂ ಬಂದಿದ್ದರು. ಮುಂದಿನ ವರ್ಷಕ್ಕೆ ನಾವಿದ್ದೇವೆ ಎಂದು ಹೇಳಲು ಬಂದಿದ್ದಾರೆಂದು ಮೇಷ್ಟ್ರು ಬೆಳಗಿನಿಂದ ಕುಣಿಯುತ್ತಲೇ ಇದ್ದರು. ಚಕ್ರಪಾಣಿಯವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಪಂದ್ಯ ಐದನೆಯ ಸೆಟ್ಟಿಗೆ ಹೋಯಿತು. ನಮ್ಮ ಕ್ಯಾಪ್ಟನ್ ಅಕಿನ್ಯಿ ಕೊನೆಯ ಚೆಂಡನ್ನು ನೆಟ್ಟಿನ ಮೇಲಿಂದ ಬಡಿದಾಗ ಕೆಂಪು ಧೂಳು ಎದ್ದು ನನ್ನ ಹಾಳೆಯ ಮೇಲೆ ಕೂತಿತು. ಗೆದ್ದೆವು.

ನಿಯಮದ ಪ್ರಕಾರ ಸಾಲು ಕೂತಿತು. ವಿಜಿಯಕ್ಕನ ಚಿತ್ರಾನ್ನ, ಬೀನ್ಸು, ಸುಕುಮಾ ಸೊಪ್ಪಿನ ಪಲ್ಯ, ಚಪಾತಿ. ಗೆದ್ದ ಕೋಚಿನ ಸೌಟು ಮೇಷ್ಟ್ರ ಕೈಯಲ್ಲಿತ್ತು. ಇನ್ನೇನು ಮೊದಲನೆಯ ತಟ್ಟೆಗೆ ಹಾಕಬೇಕು, ಆಲ್ಫ್ರೆಡ್ ಕೈಯೆತ್ತಿ ತಡೆದ. ಅವನು ಗಿಡದ ಹಿಂದಿನಿಂದ ತಂದದ್ದು ಒಂದು ಸೂಟ್‌ಕೇಸ್. ದೊಡ್ಡದು, ನೀಲಿ, ಚಕ್ರವಿದ್ದದ್ದು, ಹಿಡಿಕೆಗೆ ರಿಬ್ಬನ್ ಕಟ್ಟಿದ್ದು.

"ಇದು ಐದೂ ಕಾಲೇಜಿನಿಂದ," ಎಂದ. "ಮ್ವಾಲಿಮು ನಮಗೆ ಬಡಿಸಿದ್ದಾರೆ. ಈಗ ಮನೆಗೆ ಹೋಗುತ್ತಿದ್ದಾರೆ. ಖಾಲಿ ಕೈಯಲ್ಲಿ ಹೋಗಬಾರದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ಸೌಟು ಹಿಡಿದ ಕೈಯಲ್ಲೇ ಅರ್ಧ ತಟ್ಟಿದರು. ಯಾರದೋ ಬೀಳ್ಕೊಡುಗೆ ಇರಬೇಕು ಎಂದುಕೊಂಡವರ ಹಾಗೆ. ಆಮೇಲೆ ಕೇಳಿದರು. "ಯಾರು ಹೋಗ್ತಿರೋದು?"

ನೀರು ಬಡಿಸುತ್ತಿದ್ದ ಸಾನ್ವಿ ಜಗ್ಗನ್ನು ಕೆಳಗಿಟ್ಟು ಅಮ್ಮನ ಮುಖ ನೋಡಿದಳು.

"ನೀವು," ಎಂದರು ಹೆಲನ್. "ಟೈ ಕಟ್ಟಿಕೊಂಡು ಬಂದಿರಿ. ಸಿಹಿ ತಂದಿರಿ. ಇವನನ್ನು ತೋರಿಸಿದಿರಿ."

ಇವನು ಎಂದರೆ ನಾನು.

ಅವರು ಹೇಳುವ ತನಕ ನಮಗೆ ಹೊಳೆದಿರಲಿಲ್ಲ. ಆ ಊರಿನಲ್ಲಿ ಇಂಡಿಯಾದಿಂದ ಬಂದ ಮೇಷ್ಟ್ರುಗಳೂ ಮ್ಯಾನೇಜರುಗಳೂ ಕರಾರು ಮುಗಿದಾಗ ಇದನ್ನೇ ಮಾಡುತ್ತಾರೆ. ಸೂಟು ಹಾಕಿ, ಮಿಠಾಯಿ ಡಬ್ಬಿ ಹಿಡಿದು, ತಮ್ಮ ಜಾಗಕ್ಕೆ ಬರುವ ಹೊಸ ಹುಡುಗನನ್ನು ಪಕ್ಕದಲ್ಲಿಟ್ಟುಕೊಂಡು ಆಫೀಸಿನಿಂದ ಆಫೀಸಿಗೆ ಹೋಗಿ, ಇವನನ್ನು ನೋಡಿಕೊಳ್ಳಿ, ಕೆಲಸ ನಿಲ್ಲಿಸಬೇಡಿ ಎಂದು ಕೈಕುಲುಕಿ ಬರುತ್ತಾರೆ. ನಮ್ಮ ಕಾರ್ಖಾನೆಯಲ್ಲೇ ಅಂಥ ಡಬ್ಬಿಗಳಿಂದ ನಾನು ಎಷ್ಟು ಪೇಡ ತಿಂದಿಲ್ಲ. ಕರೆಯಲು ಸಿಹಿ ಕೊಡುವುದನ್ನು ಆ ಐವರೂ ಕಂಡಿರಲಿಲ್ಲ. ಹೊರಡಲು ಕೊಡುವುದನ್ನು ಮಾತ್ರ ಕಂಡಿದ್ದರು. ಹೊರಟವರು ಕೇಳಿದ್ದಕ್ಕೆ ಎದುರು ನಿಂತು ಇಲ್ಲ ಎನ್ನುವಷ್ಟು ಒರಟರು ಅವರಲ್ಲಿ ಒಬ್ಬರೂ ಇರಲಿಲ್ಲ.

"ನಾನು ಎಲ್ಲೂ ಹೋಗ್ತಿಲ್ಲ," ಎಂದರು ಮೇಷ್ಟ್ರು. "ಆಲ್ಫ್ರೆಡ್, ನಾನು ಇಲ್ಲೇ ಇರ್ತೀನಿ. ಲೀಗ್ ಬಿಡಬೇಡಿ ಅಂತ ಕೇಳಕ್ಕೆ ಬಂದಿದ್ದೆ, ಅಷ್ಟೇ. ಎಲ್ಲರೂ ಒಪ್ಪಿದಿರಲ್ಲ."

ಆಲ್ಫ್ರೆಡ್ ಸೂಟ್‌ಕೇಸಿನ ಮೇಲೆಯೇ ಕೂತುಬಿಟ್ಟ. ಅಷ್ಟು ಉದ್ದದ ಮನುಷ್ಯ ಅಷ್ಟು ತಗ್ಗಿನಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ.

"ನೀವು ಇರುತ್ತೀರಿ ಎಂದಿದ್ದರೆ ನಾನು ಯಾಕೆ ಹೋಗುತ್ತಿದ್ದೆ?" ಎಂದ. "ನೀವಿಲ್ಲದೆ ಇದನ್ನು ಯಾರು ನಡೆಸುತ್ತಾರೆ ಎಂದು ಯೋಚಿಸಿದೆ. ಈ ಹುಡುಗನನ್ನು ನೋಡಿದೆ. ಕೋಪ ಮಾಡಿಕೊಳ್ಳಬೇಡ ಈರಾ, ಚೆಂಡನ್ನೇ ಮುಟ್ಟಿಲ್ಲ ಎಂದೆ ನೀನು. ಮಾರನೆಯ ದಿನವೇ ನಮ್ಮ ಪ್ರಿನ್ಸಿಪಾಲರ ಹತ್ತಿರ ಹೋದೆ. ದೊಡ್ಡ ಲೀಗಿನಲ್ಲಿ ಜಾಗ ಸಿಕ್ಕಿದೆ. ಬಸ್ಸಿನ ಮೇಲೆ ಅದರ ಹೆಸರು ಬರೆಸಿಯೂ ಆಯಿತು."

ಕೋಪ ಎಲ್ಲಿ ಬಂತು. ಒಂದು ಲೀಗನ್ನು ಮುರಿಯಲು ದೊಡ್ಡ ದೊಡ್ಡ ಸಮಿತಿಗಳು ವರ್ಷಗಟ್ಟಲೆ ಕೂಡುತ್ತವೆ. ನಾನು ಒಂದು ಟೈ ಕಟ್ಟಿಕೊಂಡು ನಿಂತು ಆ ಕೆಲಸ ಮುಗಿಸಿದ್ದೆ.

ಉಳಿದವರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಪಾಲಿಟೆಕ್ನಿಕ್ ಹೊರಟಿತೆಂದು ಕೇಳಿ ಅಕೌಂಟ್ಸ್ ಸಂಸ್ಥೆಯವರು ಹಿಂದೆಯೇ ಹೋಗಿದ್ದರು. ಅವರಿಬ್ಬರೂ ಇಲ್ಲವೆಂದು ಬೈಬಲ್ ಕಾಲೇಜು ಚರ್ಚುಗಳ ಪಂದ್ಯಾವಳಿಗೆ ಸೇರಿತ್ತು. ಶಿಕ್ಷಕರ ಕಾಲೇಜು ತನ್ನಂಥ ಕಾಲೇಜುಗಳ ವಲಯಕ್ಕೆ ಮರಳಿತ್ತು. ಪ್ರತಿಯೊಬ್ಬರೂ ತಾವೊಬ್ಬರೇ ಉಳಿದುಬಿಡುತ್ತೇವೆಂಬ ಹೆದರಿಕೆಯಲ್ಲಿ ಇನ್ನೊಬ್ಬರಿಗಿಂತ ಮೊದಲು ಓಡಿದ್ದರು, ಮೇಷ್ಟ್ರಿಗೆ ನೋವಾಗಬಾರದೆಂದು ಯಾರೂ ಹೇಳಿರಲಿಲ್ಲ.

"ನಾವು ಎಲ್ಲಿಗೂ ಹೋಗಿಲ್ಲ," ಎಂದರು ಹೆಲನ್. "ನರ್ಸುಗಳನ್ನು ಯಾರೂ ಕರೆಯಲಿಲ್ಲ."

ಮುಂದಿನ ಕುರ್ಚಿಯಲ್ಲಿ ಚಕ್ರಪಾಣಿ ಕೆಳಗೆ ನೋಡುತ್ತ ಕೂತಿದ್ದರು. ಮೇಷ್ಟ್ರು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಏನಾದರೂ ಹೇಳಬೇಕಾಗುತ್ತಿತ್ತು. ಪಾತ್ರೆಗೆ ಸೌಟು ಹಾಕಿ, ಸೋತವರ ಸಾಲಿನ ಮೊದಲ ಹುಡುಗಿಯ ತಟ್ಟೆಗೆ ಚಿತ್ರಾನ್ನ ಬಡಿಸಿದರು. ಆಮೇಲೆ ಎರಡನೆಯವಳಿಗೆ. ಕಡಲೆಬೀಜ ಹೊರಗೆ ಚೆಲ್ಲಿದಾಗ ಆ ಹುಡುಗಿ ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕಿಕೊಂಡಳು. ಸಾಲಿನ ಕೊನೆಯಲ್ಲಿ ನನ್ನ ಹತ್ತಿರ ಬಂದಾಗ ಮೇಷ್ಟ್ರು ಮೆಲ್ಲಗೆ, ಕನ್ನಡದಲ್ಲಿ ಕೇಳಿದರು.

"ಸೀಟಿ ಹಾಕ್ಕೊಂಡೇ ಹೋಗಿದ್ರೆ ಆಗ್ತಿತ್ತಾ ಈರಣ್ಣ?"

ಆಗುತ್ತಿತ್ತು ಅನ್ನಿಸಿತು. "ಗೊತ್ತಿಲ್ಲ ಸರ್," ಎಂದೆ.

ಮರುವಾರ ಅವರು ಹಾಗೆಯೇ ಹೋದರು: ಮಾಸಿದ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಏನೂ ಇಲ್ಲ. ನನ್ನನ್ನು ಕರೆಯಲಿಲ್ಲ, ಅದು ಸರಿಯೇ. ಎಲ್ಲರೂ 'ಪೋಲೆ ಸಾನಾ' ಎಂದರಂತೆ, ಬಹಳ ಬೇಸರವಾಯಿತು ಎಂದು. ಬೇಸರ ನಿಜವಾಗಿತ್ತು. ಆದರೆ ಪ್ರಿನ್ಸಿಪಾಲರುಗಳ ತೀರ್ಮಾನವನ್ನು ಹಿಂದಕ್ಕೆ ತರುವ ಶಕ್ತಿ ಕೋಚುಗಳಿಗಿರಲಿಲ್ಲ. ಚಕ್ರಪಾಣಿ ತಾವೇ ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಮುಗಿಸುವವರೆಗೂ ವಿಷಯ ಎತ್ತಲಿಲ್ಲ.

"ನಾನು ಮಾತಿಗೆ ತಪ್ಪಲಿಲ್ಲ ಚಿದಾನಂದ ಅವರೇ."

"ಇಲ್ಲ ಸರ್. ನೀವು ತಪ್ಪಿಲ್ಲ."

"ದೊಡ್ಡ ಲೀಗಲ್ಲೂ ನೀವೇ ಕೋಚ್."

"ಹೌದು ಸರ್," ಎಂದರು ಮೇಷ್ಟ್ರು. ವಿಜಿಯಕ್ಕ ಲೋಟ ಎತ್ತಿಕೊಂಡು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಆ ವರ್ಷ ಆ ಮನೆಯಲ್ಲಿ ಮತ್ತೆ ಮೈಸೂರುಪಾಕು ಆಗಲಿಲ್ಲ. ಯಾರೂ ಬೇಡ ಎಂದು ಹೇಳಿದ್ದಲ್ಲ.

ಡಿಸೆಂಬರಿನಲ್ಲಿ ಒಮ್ಮೆ ನಾವಿಬ್ಬರೂ ಮಟಾಟುವಿನಲ್ಲಿ ಥಿಕಾ ರಸ್ತೆ ಕಡೆ ಹೋಗುತ್ತಿದ್ದೆವು. ನರ್ಸಿಂಗ್ ಶಾಲೆಯ ಬೇಲಿಯೊಳಗೆ ವಾಲಿಬಾಲ್ ಗೂಟಗಳು ಹಾಗೆಯೇ ನಿಂತಿದ್ದವು. ನೆಟ್ಟಿನ ಜಾಗದಲ್ಲಿ ಹಗ್ಗ ಕಟ್ಟಿ ಬಿಳಿ ಹಾಸಿಗೆ ಬಟ್ಟೆಗಳನ್ನು ಒಣಗಲು ಹಾಕಿದ್ದರು. ನಿಲ್ದಾಣ ಬಂದಾಗ ಕಂಡಕ್ಟರ್ ಮೇಷ್ಟ್ರ ಮುಖ ನೋಡಿದ. ಅವರು ಅಲ್ಲಿ ಯಾವಾಗಲೂ ಇಳಿಯುತ್ತಿದ್ದವರು. ಅಂದು ಅಲುಗಲಿಲ್ಲ. "ಹೆಲನ್ ಅವರನ್ನ ಮಾತಾಡಿಸಿ ಬರೋಣ್ವಾ ಸರ್?" ಎಂದೆ. "ಏನಂತ ಮಾತಾಡಿಸ್ಲಿ?" ಎಂದರು.

ದೊಡ್ಡ ಲೀಗಿನ ನಮ್ಮ ಮೊದಲ ಪಂದ್ಯ ಫೆಬ್ರವರಿಯಲ್ಲಿ, ನಕುರುವಿನ ಆಚೆ. ಬೆಳಕು ಹರಿಯುವ ಮೊದಲೇ ಬಸ್ಸು ಹೊರಟಿತು. ಬೆಳಗಿನ ಕೆಲಸ ಬಿಡಲಾಗದ ಮೂವರು ಹುಡುಗಿಯರು ಬರಲಿಲ್ಲ. ಅವರ ಜಾಗಕ್ಕೆ ಹೊಸಬರು. ಮೇಷ್ಟ್ರು ಆ ನೀಲಿ ಸೂಟ್‌ಕೇಸನ್ನು ತಂದಿದ್ದರು. ಒಳಗೆ ತಟ್ಟೆಗಳು, ಲೋಟಗಳು, ಆ ಸೌಟು. ಮೇಲೆ ವಿಜಿಯಕ್ಕ ಕಟ್ಟಿಕೊಟ್ಟ ಚಪಾತಿ, ಎರಡು ತಂಡಕ್ಕಾಗುವಷ್ಟು.

"ಅಲ್ಲಿ ಊಟ ಇರುತ್ತೋ ಇಲ್ವೋ ಸರ್," ಎಂದೆ.

"ಇರದಿದ್ರೆ ನಮ್ಮದಿದೆಯಲ್ಲ. ಯಾರು ಗೆದ್ರೂ ಅವರು ಬಡಿಸ್ತಾರೆ," ಎಂದರು. ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೂ ಹಾಗೇ ನಡೆಯುತ್ತದೆ ಎನ್ನಿಸಿತು.

ಸಿಮೆಂಟಿನ ಅಂಕಣ, ಧೂಳೇ ಇಲ್ಲ. ಅಂಕ ತೋರಿಸಲು ಕೆಂಪು ದೀಪದ ಹಲಗೆ. ನನ್ನ ಅಕ್ಷರದ ಅವಶ್ಯಕತೆ ಅವರಿಗಿರಲಿಲ್ಲ. ಮೂರೂ ಸೆಟ್ ಸೋತೆವು, ಒಂದರಲ್ಲೂ ಹತ್ತರ ಹತ್ತಿರ ಹೋಗಲಿಲ್ಲ. ಆ ತಂಡದ ಹುಡುಗಿಯರು ಒಳ್ಳೆಯವರೇ, ಸಾಲಾಗಿ ಬಂದು ಕೈಕುಲುಕಿದರು. ಅವರ ಕೋಚ್ ಮೇಷ್ಟ್ರಿಗೆ, "ಚೆನ್ನಾಗಿ ಆಡಿದಿರಿ," ಎಂದು ಹೇಳಿ ಮುಂದಿನ ಪಂದ್ಯದವರ ಕಡೆ ಹೋದರು.

ಅಂಕಣದಾಚೆ ಒಂದು ಮರದ ಕೆಳಗೆ ಮೇಷ್ಟ್ರು ಸೂಟ್‌ಕೇಸ್ ಬಿಚ್ಚಿ ತಟ್ಟೆ ಹರಡಿದರು. ನಮ್ಮ ಹುಡುಗಿಯರು ಅಭ್ಯಾಸಬಲದಿಂದ ಸಾಲಾಗಿ, ಇನ್ನೊಂದು ತಂಡಕ್ಕೆಂದು ಜಾಗ ಬಿಟ್ಟು ಕೂತರು. ಹೊಸಬರು ಯಾಕೆಂದು ತಿಳಿಯದೆ ಹಾಗೇ ಕೂತರು. ನಾನು ಸಾಲಿನ ಕೊನೆಯಲ್ಲಿ. ಸೌಟನ್ನು ಮೇಷ್ಟ್ರು ಚಪಾತಿಯ ಗಂಟಿನ ಮೇಲೆ ಅಡ್ಡ ಇಟ್ಟರು. ಸೋತವರು ಅದನ್ನು ಮುಟ್ಟುವ ಹಾಗಿಲ್ಲ.

"ಮ್ವಾಲಿಮು, ಯಾರು ಬಡಿಸುತ್ತಾರೆ?" ಎಂದು ಕೇಳಿದಳು ಅಕಿನ್ಯಿ.

"ಗೆದ್ದವರು."

ಕೂತೆವು. ಆಚೆ ಇನ್ನೊಂದು ಪಂದ್ಯ ಶುರುವಾಗಿ ಜನ ಕೂಗತೊಡಗಿದರು. ಗೆದ್ದ ತಂಡದ ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ಹಾಸ್ಟೆಲಿನ ಕಡೆ ನಡೆದರು. ಅವರ ಕೋಚ್ ಕಾರಿನಲ್ಲಿ ನಮ್ಮ ಮರದ ಮುಂದೆಯೇ ಹಾದುಹೋಗುವಾಗ ಕಿಟಕಿಯಿಂದ ಕೈಬೀಸಿದರು. ಮೇಷ್ಟ್ರೂ ಬೀಸಿದರು. ಬೀಸಿದ ಕೈ ತುಸು ಹೊತ್ತು ಮೇಲೆಯೇ ಇತ್ತು. ಬನ್ನಿ ಎಂದು ಕರೆಯುವ ಹಾಗೂ ಕಾಣುತ್ತಿತ್ತು, ಹೋಗಿಬನ್ನಿ ಎಂದು ಹೇಳುವ ಹಾಗೂ ಕಾಣುತ್ತಿತ್ತು.

ಡ್ರೈವರ್ ಹಾರ್ನ್ ಹೊಡೆದ. ಕತ್ತಲಾಗುವುದರೊಳಗೆ ಘಾಟಿ ಹತ್ತಬೇಕಿತ್ತು. ಅಕಿನ್ಯಿ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಬಸ್ಸಿನಲ್ಲಿ ಚಪಾತಿಗಳನ್ನು ಕಾಗದದಲ್ಲಿ ಸುತ್ತಿ ಸೀಟಿನಿಂದ ಸೀಟಿಗೆ ದಾಟಿಸಿದೆವು. ಪ್ರತಿಯೊಬ್ಬರೂ ತಮ್ಮ ಪಾಲನ್ನು ತಾವೇ ತೆಗೆದುಕೊಂಡರು. ಮೇಷ್ಟ್ರು ನನ್ನ ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದರು, ತಿನ್ನಲಿಲ್ಲ. ಸೂಟ್‌ಕೇಸ್ ಮುಚ್ಚುವ ಗಡಿಬಿಡಿಯಲ್ಲಿ ಸೌಟು ಹೊರಗೇ ಉಳಿದು ನನ್ನ ತೊಡೆಯ ಮೇಲಿತ್ತು. ಎರಡನೆಯ ತಂಡದ ಪಾಲಿನ ಚಪಾತಿ ಕಾಲ ಹತ್ತಿರ ಹಾಗೇ ಇತ್ತು, ಕಟ್ಟಿದ ಗಂಟು ಬಿಚ್ಚದೆ.